ಬೆಳ್ಳಿಯ ಹೊಟ್ಟೆ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಪುಟ್ಟಸ್ವಾಮಿಗೆ ತನ್ನ ಬಾಯಿ ತನಗೇ ನಾರಿತು. ಹಲ್ಲುಪುಡಿಯಲ್ಲಿ ಉಜ್ಜಿದ, ಉಪ್ಪಿನಲ್ಲಿ ಉಜ್ಜಿದ, ಬೇವಿನಕಡ್ಡಿ ಕಚ್ಚಿ ವಸಡಿನಿಂದ ರಕ್ತ ಬರುವವರೆಗೂ ತಿಕ್ಕಿದ; ಕಾವೇರಿ ಕಪಿಲೆ ಎರಡನ್ನೂ ಮನೆಯ ಬಚ್ಚಲಿಗೆ ತಿರುಗಿಸಿದ್ದರೂ ಸಾಲದು ಎನ್ನುವಷ್ಟು ನೀರನ್ನು ಬಾಯಿಗೆ ಸುರಿದುಕೊಂಡು ಉಗಿದ. ವಾಸನೆ ಹೋಗಲಿಲ್ಲ. ಎರಡು ವಾರದಿಂದ ಹೀಗೇ. ಸತ್ತ ಇಲಿಯೊಂದು ಗಂಟಲಲ್ಲಿ ಸಿಕ್ಕಿಕೊಂಡಿದೆ, ತಾನು ಮಾತಾಡಿದಾಗಲೆಲ್ಲ ಅದು ಹೊರಗೆ ಇಣುಕಿ ನೋಡಿ ಮತ್ತೆ ಒಳಗೆ ಹೋಗುತ್ತದೆ ಎನ್ನಿಸುತ್ತಿತ್ತು. ಅವ್ವನ ಮುಂದೆ ಬಾಯಿ ಕಳೆದು ನಿಂತು, "ನಾರ್ತದಾ ನೋಡವ್ವ," ಎಂದ. ಮಹದೇವಮ್ಮ ಮೂಗು ಹತ್ತಿರ ತಂದು ಮೂಸಿ, "ನಿನ್ ಬಾಯ್ಗೇನಾಗದೆ ಕಣ್ಲಾ, ಮೂರು ಊರ್ಗೆ ಕೇಳೋ ಬಾಯಿ," ಎಂದು ಒಲೆಯ ಕಡೆ ತಿರುಗಿದಳು.

ಮೂರು ಊರು ಎಂದದ್ದು ಅವಳ ಜಿಪುಣತನ. ತಿರುಮಕೂಡಲು ನರಸೀಪುರದ ಖಾಸಗಿ ಬಸ್ ನಿಲ್ದಾಣದಲ್ಲಿ ಪುಟ್ಟಸ್ವಾಮಿ ಒಮ್ಮೆ "ನಂಜನಗೂಡ್ ನಂಜನಗೂಡ್ ನಂಜನಗೂಡ್" ಎಂದು ಕೂಗಿದರೆ ಮೈಸೂರಿಗೆ ಹೋಗಬೇಕಾದವರೂ ಗಾಬರಿಬಿದ್ದು ನಂಜನಗೂಡಿನ ಬಸ್ಸು ಹತ್ತುತ್ತಿದ್ದರು. ಹೆಣವನ್ನು ಸಾಗಿಸುವವರು ಕೂಡ ಒಂದು ಕ್ಷಣ ನಿಂತು ಯಾವ ಬಸ್ಸು ಎಂದು ಕೇಳುತ್ತಿದ್ದರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿದೆಯೆಂದೂ, ಡ್ರೈವರ್ ಇನ್ನೂ ಮನೆಯಲ್ಲಿ ಸ್ನಾನ ಮಾಡುತ್ತಿರುವ ಬಸ್ಸು ಇದೋ ಹೊರಟಿತೆಂದೂ ಅವನು ನಂಬಿಸುತ್ತಿದ್ದ. ಸಿಕ್ಕಿಬಿದ್ದಾಗ ಬೈಯಲು ಬಂದವರನ್ನು ನಗಿಸಿಬಿಡುತ್ತಿದ್ದ. ಅದೇ ಅವನ ನಿಜವಾದ ವಿದ್ಯೆ. ಕುಂಟನ ನಡಿಗೆ, ಇನ್‌ಸ್ಪೆಕ್ಟರನ ಗೊರಕೆ, ಕೆಮ್ಮುವ ಮುದುಕಿ, ಯಾರ ನಕಲು ಬೇಕು ಕೇಳಿ, ನಿಂತಲ್ಲೇ ಮಾಡಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೊಟ್ಟೆ ಎಂಬ ಮಾತು ನೆನಪಾದ ಕೂಡಲೇ ಪುಟ್ಟಸ್ವಾಮಿಗೆ ವಾಕರಿಕೆ ಬಂದು, ಬಚ್ಚಲ ಕಟ್ಟೆ ಹಿಡಿದು ಬಗ್ಗಿದ. ಏನೂ ಬರಲಿಲ್ಲ. ಬರೀ ಎಂಜಲು, ನೂಲಿನಂತೆ ಉದ್ದಕ್ಕೆ ಇಳಿದು, ತುಂಡಾಗದೆ ತೂಗಾಡಿತು.

ತಂಗಿ ರೋಜಾ ವಿಷ ಕುಡಿದ ಮಧ್ಯಾಹ್ನ ನಂಜನಗೂಡಿನ ಆಸ್ಪತ್ರೆಯಲ್ಲಿ ಈ ಬಾಯೇ ಮುಂದೆ ಹೋಗಿತ್ತು. ಸಾಯಲು ಹೊರಟು ಬದುಕಿಕೊಂಡವರ ಮೇಲೂ ಕೇಸು ಬೀಳುತ್ತಿದ್ದ ಕಾಲ. ಹೆಡ್ ಕಾನ್‌ಸ್ಟೇಬಲ್ ಸಿದ್ದಮಲ್ಲಪ್ಪ ಮಂಚದ ಪಕ್ಕದ ಸ್ಟೂಲಿನಲ್ಲಿ ಬೆವರುತ್ತ ಕೂತು, ಮೂಗಿಗೆ ಪೈಪು ಹಾಕಿಸಿಕೊಂಡು ಮಲಗಿದ್ದ ರೋಜಾಳನ್ನು "ಯಾಕಮ್ಮ ಇಂಗ್ ಮಾಡ್ಕಂಡೆ?" ಎಂದು ಕೇಳಿದ. ರೋಜಾಳಿಗೆ ಹುಟ್ಟಿದಾಗಿನಿಂದ ಉಗ್ಗು. ಅವಳು "ನ... ನ..." ಎಂದು ಶುರು ಮಾಡಿದಳು. ಅವಳ ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡಿತು, ಮಾತು ಬಾಗಿಲ ಹತ್ತಿರ ಬಂದು ನಿಂತಿತು. ಇನ್ನೊಂದು ಉಸಿರಿಗೆ ಹೊರಗೆ ಬೀಳುತ್ತಿತ್ತೇನೋ. ಅಷ್ಟರಲ್ಲಿ ಪುಟ್ಟಸ್ವಾಮಿ, "ಒಟ್ಟೆನೋವು ಸಾ. ಒಟ್ಟೆನೋವು ತಡೀನಾರ್ದೆ ಕುಡ್ದವಳೆ," ಎಂದ. ಸಿದ್ದಮಲ್ಲಪ್ಪನ ಮುಖ ಅರಳಿತು. ನಂಜನಗೂಡು ತಾಲ್ಲೂಕಿನಲ್ಲಿ ಕುಡಿದವರು, ಹಾರಿದವರು, ನೇಣಿನಿಂದ ಇಳಿಸಿಕೊಂಡವರು ಎಲ್ಲರಿಗೂ ಅದೇ ಹೊಟ್ಟೆನೋವು. ಬರೆದುಕೊಂಡರೆ ಗಂಡನ ಮನೆಯವರಿಗೆ ತಾಪತ್ರಯವಿಲ್ಲ, ತವರಿನವರಿಗೆ ಅವಮಾನವಿಲ್ಲ, ಠಾಣೆಗೆ ತಿರುಗಾಟವಿಲ್ಲ. ಇಷ್ಟೊಂದು ಹೊಟ್ಟೆನೋವಿರುವ ತಾಲ್ಲೂಕು ಪ್ರಪಂಚದಲ್ಲೇ ಇನ್ನೊಂದಿರಲಿಕ್ಕಿಲ್ಲ. ರೋಜಾ ಬಾಯಿ ಮುಚ್ಚಿಕೊಂಡಳು. ಬಾಗಿಲಿಗೆ ಬಂದಿದ್ದದ್ದು ತಿರುಗಿ ಒಳಗೆ ಹೋದದ್ದನ್ನು ಪುಟ್ಟಸ್ವಾಮಿ ಕಣ್ಣಾರೆ ಕಂಡ. ಕಂಡೂ ಅವನ ಬಾಯಿ ನಿಲ್ಲಲಿಲ್ಲ. ಚಿಕ್ಕಂದಿನಿಂದ ಇದೆ ಸಾ, ಮದುವೆ ಮನೆಯಲ್ಲಿ ಧಾರೆ ಸೀರೆಯಲ್ಲೇ ಉರುಳಾಡಿದ್ದಳು ಸಾ, ಕೊಳ್ಳೇಗಾಲದ ಪಂಡಿತ ನಾಡಿ ಹಿಡಿದು ಅತ್ತೇಬಿಟ್ಟ ಸಾ. ಪಕ್ಕದ ಮಂಚದ ರೋಗಿಗಳು ತಂತಮ್ಮ ರೋಗ ಮರೆತು ಕೇಳಿದರು.

ಆ ಸುಳ್ಳು ಬಸ್ಸಿಗಿಂತ ಮೊದಲೇ ಊರು ತಲುಪಿತ್ತು. ಮೂರನೆಯ ದಿನಕ್ಕೆ ಅದನ್ನು ನಂಬದವರು ಇಬ್ಬರೇ ಉಳಿದಿದ್ದರು, ರೋಜಾ ಮತ್ತು ಅವನು. ಅವನೂ ಮಧ್ಯೆ ಮಧ್ಯೆ ನಂಬುತ್ತಿದ್ದ. ಮಹದೇವಮ್ಮನಿಗೆ ಮಗಳು ಮೂರು ವರ್ಷದವಳಿದ್ದಾಗ ಹೊಟ್ಟೆ ಹಿಡಿದುಕೊಂಡು ಅತ್ತದ್ದು ನೆನಪಾಯಿತು. ರೋಜಾಳ ಗಂಡ ಪ್ರೇಮ್‌ಕುಮಾರ್, ಹೆಮ್ಮರಗಾಲದವನು, ಸಭ್ಯ, "ಅವ್ದು ಬಾವ, ಕೆಲವು ಸಲ ಬಗ್ಗಿ ಕೂತ್ಕತಿದ್ಲು. ನಾನೇ ಗ್ಯಾನ ಇಡ್ನಿಲ್ಲ," ಎಂದು ಕಣ್ಣೊರೆಸಿಕೊಂಡ. ಆಸ್ಪತ್ರೆಯಿಂದ ತವರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಹೊಟ್ಟೆಗೆ ಒಂದೊಂದು ಮದ್ದು ತಂದರು. ದಾಳಿಂಬೆ ಸಿಪ್ಪೆಯ ಕಷಾಯ, ಬೂದುಗುಂಬಳದ ರಸ, ಇಂಗು ಹಚ್ಚಿದ ಬಿಳಿಬಟ್ಟೆ, ಯಾವುದೋ ಮಠದ ಬೂದಿ. ಒಬ್ಬಳು ಅವಳ ಹೊಕ್ಕುಳಿನ ಮೇಲೆ ದೀಪ ಹಚ್ಚಿಟ್ಟು ಚೊಂಬು ಬೋರಲು ಹಾಕಿದಳು. ರೋಜಾ ಎಲ್ಲವನ್ನೂ ಕುಡಿದಳು, ಎಲ್ಲವನ್ನೂ ಹಚ್ಚಿಸಿಕೊಂಡಳು. "ಈಗೆಂಗದೆ?" ಎಂದರೆ ತಲೆಯಾಡಿಸಿ ನಕ್ಕಳು. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಾನು ಉಗಿದದ್ದನ್ನು ಊರೇ ಸೇರಿ ಲೋಟಕ್ಕೆ ಹಾಕಿ ತಂಗಿಗೆ ಕುಡಿಸುತ್ತಿದೆ ಎನ್ನಿಸುತ್ತಿತ್ತು.

ಆ ದಿನ ಸೋಮವಾರ. ಮಹದೇವಮ್ಮ ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಂಡಿದ್ದಳು. ಕಣ್ಣು ಹೋದವರು ಬೆಳ್ಳಿಯ ಕಣ್ಣು, ಕಾಲು ಹೋದವರು ಬೆಳ್ಳಿಯ ಕಾಲು ಒಪ್ಪಿಸುವ ಹಾಗೆ ಮಗಳ ಕೈಯಲ್ಲಿ ಬೆಳ್ಳಿಯ ಹೊಟ್ಟೆ ಒಪ್ಪಿಸುವುದು, ಅಲ್ಲಿಂದ ಹಾಗೆಯೇ ಅವಳನ್ನು ಗಂಡನ ಜೊತೆ ಹೆಮ್ಮರಗಾಲಕ್ಕೆ ಕಳಿಸಿಕೊಡುವುದು ಎಂದು ತೀರ್ಮಾನವಾಗಿತ್ತು. ಹೊಟ್ಟೆಯನ್ನು ಯಾವತ್ತೂ ಮಾಡಿರದ ಆಚಾರಿ ತೆಳ್ಳನೆಯ ತಗಡಿನ ಮೇಲೆ ತನಗೆ ಗೊತ್ತಿದ್ದ ದೊಡ್ಡ ಹೊಟ್ಟೆಯನ್ನೇ ಮೂಡಿಸಿದ್ದ. ಅದು ಮಂಡಿಯ ಯಜಮಾನರೊಬ್ಬರ ಹೊಟ್ಟೆ. ನಡುವೆ ಹೊಕ್ಕುಳು, ಕೆಳಗೆ ಒಂದು ಮಡಿಕೆ. ಮಹದೇವಮ್ಮ ಅದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಎದೆಯಲ್ಲಿಟ್ಟುಕೊಂಡಳು. ರೋಜಾ ಹೊಸ ಸೀರೆ ಉಟ್ಟು ಹೊರಗೆ ಬಂದು ನಿಂತಳು. "ಅಳ್ಳೀಗೋದ್ ಮ್ಯಾಲೆ ತಣ್ಣಗಿನ್ ಪದಾರ್ಥ ತಿನ್ಬ್ಯಾಡ ಕಣವ್ವ," ಎಂದಳು ಮಹದೇವಮ್ಮ. "ಊಂ," ಎಂದಳು ರೋಜಾ. ಅವಳಿಗೆ ತೊಡರದೆ ಬರುವ ಮಾತು ಅದೊಂದೇ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು, ಅವನು ಎದುರಿನ ಕಂಬ ಹಿಡಿದು ನಿಂತ. ಕಂಡಕ್ಟರ್ "ಏನಣ್ಣ, ಇವತ್ತು ಬಾಯಿಗ್ ಬೀಗ?" ಎಂದು ಕಿಚಾಯಿಸಿದ್ದಕ್ಕೆ ಉತ್ತರ ತಾನಾಗಿಯೇ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದ, ಅದು ಎಣ್ಣೆಯ ಹಾಗೆ ಇಳಿಯಿತು. ಮುಂದಿನ ಸೀಟಿನ ಕೂಸೊಂದು ಬಾಳೆಹಣ್ಣು ಕಚ್ಚಿ ಅಗಿದು ಕೈಗೆ ತೆಗೆದು ನೋಡಿ ಮತ್ತೆ ಬಾಯಿಗಿಟ್ಟುಕೊಳ್ಳುತ್ತಿತ್ತು. ಯಾರದೋ ಕಂಕುಳು, ಯಾರದೋ ಕೊಬ್ಬರಿಎಣ್ಣೆ, ಡೀಸೆಲ್ಲು. ತಂಗಿಯ ಕುತ್ತಿಗೆಯ ಹಿಂದಿನ ಸಣ್ಣ ಕೂದಲು ಗಾಳಿಗೆ ಏಳುತ್ತಿತ್ತು. ಆರು ವರ್ಷದ ರೋಜಾ ಅಂಗಡಿಯಿಂದ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಾಗಲೂ ಕುತ್ತಿಗೆ ಹೀಗೇ ತಗ್ಗಿತ್ತು. ಅವಳು "ಬೆಲ್ಲ" ಎನ್ನಲಾಗದೆ ವಾಪಸು ಬಂದಿದ್ದಳು. ಆ ಸಂಜೆ ಪುಟ್ಟಸ್ವಾಮಿ ಅಂಗಡಿಯವನೂ ತಾನೇ ಆಗಿ, ರೋಜಾಳೂ ತಾನೇ ಆಗಿ, "ಬೆ... ಬೆ... ಬೆ..." ಎಂದು ಮೇಕೆಯ ಹಾಗೆ ಕೂಗಿ ಇಡೀ ಬೀದಿಯನ್ನು ನಗಿಸಿದ. ಅವನ ಮೊದಲನೆಯ ನಕಲು ಅದು. ಮೊದಲು ನಕ್ಕವಳು ರೋಜಾ. ನಗುವಿನಲ್ಲಿ ಅವಳಿಗೆ ಉಗ್ಗಿಲ್ಲ. ಅಲ್ಲಿಂದ ಮುಂದೆ ಹಬ್ಬ ಬಂದರೆ, ನೆಂಟರು ಬಂದರೆ, "ರೋಜಾನ್ ಮಾಡ್ಲಾ ಪುಟ್ಟ" ಎನ್ನುವರು, ಅವನು ಮಾಡುವನು. ಹೆಣ್ಣು ನೋಡಲು ಬಂದ ಪ್ರೇಮ್‌ಕುಮಾರನ ಕಡೆಯವರಿಗೆ ಮುಚ್ಚಿಡುವುದೇಕೆಂದು ಅವನೇ ಮಾಡಿ ತೋರಿಸಿದ. ಹುಡುಗನ ಕಡೆಯವರು ನಕ್ಕು ನಕ್ಕು ಒಪ್ಪಿಕೊಂಡು ಹೋದರು. ಅವಳ ಮದುವೆಯನ್ನು ಕುದುರಿಸಿದ್ದು ತನ್ನ ಬಾಯೇ ಎಂದು ಅವನು ಬಸ್‌ ಸ್ಟ್ಯಾಂಡಿನಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದನೆಂದರೆ, ಬಸ್ಸುಗಳಿಗೂ ಅದು ಬಾಯಿಪಾಠವಾಗಿತ್ತು.

ಹೆಮ್ಮರಗಾಲದಲ್ಲಿ ರೋಜಾಳ ಮಗಳು ಕವನಳ ಕಿವಿ ಚುಚ್ಚಿಸಿದ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಕ್ಕು ಸೋದರಮಾವನದು. ಆಚಾರಿ ತಂತಿ ಹಿಡಿದು ಹತ್ತಿರ ಬಂದಾಗ ನಾಲ್ಕು ವರ್ಷದ ಕವನ ಚಪ್ಪರ ಹಾರಿಹೋಗುವಂತೆ ಕಿರುಚಿತು. ಪುಟ್ಟಸ್ವಾಮಿ ಅದರ ಕಿವಿಯ ಹತ್ತಿರ ಬಾಯಿಟ್ಟು, ಅದರ ತಾಯಿ ಕರೆಯುವ ಹಾಗೆ, "ಕ... ಕ... ಕ... ಕವನ," ಎಂದ. ಮಗು ಅಳುವುದನ್ನು ನಿಲ್ಲಿಸಿ ಬಿಟ್ಟ ಕಣ್ಣಿನಿಂದ ಅವನ ಬಾಯನ್ನೇ ನೋಡಿತು. ಇನ್ನೊಂದು ಸಲ ಅಂದ. ಮಗು ನಕ್ಕಿತು, ತಂತಿ ಒಳಗೆ ಹೋಯಿತು, ರಕ್ತದ ಸಣ್ಣ ಮಣಿಯೊಂದು ಮೂಡಿತು, ಮಗು ನಗುತ್ತಲೇ ಇತ್ತು. ಎಲ್ಲರೂ ಹೊಗಳಿದರು. ಊಟದ ಪಂಕ್ತಿಯಲ್ಲಿ ಪ್ರೇಮ್‌ಕುಮಾರ್ ಎಲೆಯ ಮುಂದೆ ಕೂತಿದ್ದಾಗ ರೋಜಾ ಸಾರಿನ ಬಕೆಟ್ಟು ಕೆಳಗಿಟ್ಟು ಅವನ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದಳು. "ನಾ... ನಾ..." ಅಷ್ಟೇ. ಮಾವನ ತೊಡೆಯ ಮೇಲಿದ್ದ ಮಗು, ಹೊಸ ಓಲೆಯ ಕೆಂಪು ಕಿವಿಯ ಮಗು, "ನಾ... ನಾ... ನಾ... ನಾ..." ಎಂದು ಹುಬ್ಬು ಗಂಟಿಕ್ಕಿ, ಕತ್ತು ಸೆಟೆಸಿ, ತಾಯಿಯ ಹಾಗೆಯೇ ಮಾಡಿತು. ಎರಡು ಪಂಕ್ತಿಯೂ ಬಿದ್ದು ಬಿದ್ದು ನಕ್ಕವು. ಒಬ್ಬನ ಮೂಗಿನಿಂದ ಪಾಯಸ ಬಂತು. ರೋಜಾ ಕೂಡ ನಕ್ಕಳು, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. "ನಿನ್ನೇ ಮೀರುಸ್ತದ ಕಣ್ಲಾ ಪುಟ್ಟ," ಎಂದರು ಯಾರೋ, ಅವನಿಗೆ ಹೆಮ್ಮೆಯಾಯಿತು. ಎಲೆ ಎತ್ತುವ ಹೊತ್ತಿಗೆ ರೋಜಾ ಕುಡಿದುಬಿಟ್ಟಳೆಂದು ಹಿತ್ತಿಲಿನಿಂದ ಕೂಗು ಕೇಳಿಸಿತು.

ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಮೈಸೂರಿನಿಂದ ಸೋಮವಾರಕ್ಕೊಮ್ಮೆ ಬರುವ ಮನಸ್ಸಿನ ಡಾಕ್ಟರಮ್ಮ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಕೇಳಿದ್ದಳು. "ಹೊಟ್ಟೆಯಲ್ಲಿ ನಮಗೇನೂ ಸಿಗಲಿಲ್ಲ. ನೀವು ಹೇಳಿದ್ದು ನಿಜವಾ?" ಸಣಕಲು ಹೆಂಗಸು, ದೊಡ್ಡ ಕನ್ನಡಕ, ಉಸಿರೂದಿದರೆ ಹಾರಿಹೋಗುವಂತಿದ್ದಳು. "ಸೋಮವಾರ ಕರಕೊಂಡು ಬನ್ನಿ. ಅವರ ಹತ್ತಿರ ಮಾತಾಡಬೇಕು." ಅವನು "ಅವಳತ್ರ ಮಾತಾಡಕೆ ಒಂದ್ ಸೋಮವಾರ ಸಾಲಕಿಲ್ಲ ಮೇಡಂ, ಬುತ್ತಿ ಕಟ್ಕ ಬನ್ನಿ," ಎಂದು ಬಾಗಿಲ ಬಳಿಯ ಆಯಾಳನ್ನು ನಗಿಸಿದ್ದ. ಡಾಕ್ಟರಮ್ಮ ನಗಲಿಲ್ಲ. ಜೀವಮಾನದಲ್ಲಿ ತನ್ನ ಮಾತಿಗೆ ನಗದ ಮುಖವನ್ನು ಅವನು ನೋಡಿದ್ದು ಅದೇ ಮೊದಲು. ಅದಾದ ಮೇಲಿನ ಸೋಮವಾರ ಅವನು ಕರೆದುಕೊಂಡು ಹೋಗಲಿಲ್ಲ.

ಗುಡಿಯಲ್ಲಿ ನೂಕುನುಗ್ಗಲು, ಪ್ರಪಂಚದ ರೋಗವೆಲ್ಲ ಆ ದಿನ ನಂಜನಗೂಡಿಗೇ ಬಂದಿಳಿದಿತ್ತು. ಒದ್ದೆ ಕಲ್ಲಿನ ಮೇಲೆ ಬಾಳೆಹಣ್ಣಿನ ಸಿಪ್ಪೆ, ಕೂದಲು, ತುಪ್ಪದ ಜಿಡ್ಡು ಬೆರೆತು ಪಾದಕ್ಕೆ ಅಂಟುತ್ತಿತ್ತು. ಹುಂಡಿಯ ಹತ್ತಿರ ಬಂದಾಗ ಮಹದೇವಮ್ಮ ಬಟ್ಟೆ ಬಿಚ್ಚಿ ಬೆಳ್ಳಿಯ ಹೊಟ್ಟೆಯನ್ನು ಹೊರಗೆ ತೆಗೆದು, "ಮೊದ್ಲು ನೋವಿರೋ ಜಾಗಕ್ಕೆ ಮುಟ್ಟುಸ್ಬೇಕು," ಎಂದು ಅಷ್ಟು ಜನದ ನಡುವೆ ಮಗಳ ಸೀರೆಯನ್ನು ಸರಿಸಿ ಬರಿ ಹೊಟ್ಟೆಗೆ ತಗಡನ್ನು ಒತ್ತಿ ಉಜ್ಜಿದಳು. "ಇಲ್ಲಾ? ಇಲ್ಲಾ? ಕೆಳಿಕಾ?" ಪಕ್ಕದಲ್ಲಿ ತಲೆ ಬೋಳಿಸಿಕೊಂಡ ಗಂಡಸೊಬ್ಬ ಕತ್ತು ಚಾಚಿ ನೋಡುತ್ತಿದ್ದ. "ಏನಾಗದೆ ತಾಯಿ?" "ಒಟ್ಟೆನೋವು ಕಣಪ್ಪ." "ನಮ್ಮತ್ಗೇಗೂ ಇಂಗೇ ಆಗಿತ್ತು." ರೋಜಾ ಮೇಲೆ ನೋಡುತ್ತ ನಿಂತಿದ್ದಳು. ತಗಡಿನ ಅಂಚು ಗೀರಿ ಹೊಟ್ಟೆಯ ಮೇಲೆ ಕೆಂಪು ಗೆರೆಯೊಂದು ಎದ್ದಿತು. ಪುಟ್ಟಸ್ವಾಮಿಗೆ ಅವ್ವನ ಕೈಯನ್ನು ಹಿಡಿದು ತಿರುಚಬೇಕೆನ್ನಿಸಿತು, ಆ ಗಂಡಸಿನ ಬೋಳು ತಲೆಗೆ ಉಗಿಯಬೇಕೆನ್ನಿಸಿತು. ಏನೂ ಮಾಡಲಿಲ್ಲ. ಮಾತಿನಲ್ಲಿ ಮಾಡಲಾಗದ್ದನ್ನು ಅವನು ಯಾವತ್ತೂ ಮಾಡಿದವನಲ್ಲ. ತಗಡು ಹುಂಡಿಯೊಳಗೆ ಬಿದ್ದು ಸದ್ದಾಯಿತು. "ವಾಸಿಯಾಯ್ತು ಬುಡು," ಎಂದು ಮಹದೇವಮ್ಮ ಕೆನ್ನೆ ಬಡಿದುಕೊಂಡಳು.

ಕಪಿಲೆಯ ಮೆಟ್ಟಿಲ ಹತ್ತಿರ ಪ್ರೇಮ್‌ಕುಮಾರ್ ಕವನಳನ್ನು ಎತ್ತಿಕೊಂಡು ನಿಂತಿದ್ದ. ಮಗು ತಾಯಿಯನ್ನು ಕಂಡು ತಂದೆಯ ಕೈಯಿಂದ ಜಾರಿ ಇಳಿದು, ಎರಡೂ ಕೈ ಮುಂದೆ ಚಾಚಿ ಓಡಿಬಂದಿತು. ಓಡುತ್ತಲೇ, ಖುಷಿಯಲ್ಲಿ, "ಅ... ಅ... ಅ... ಅಮ್ಮ," ಎಂದಿತು. ತಾಯಿ ಮಕ್ಕಳ ನಡುವೆ ಮಾತೆಂದರೆ ಹೀಗೇ ಎಂದು ಅದು ಕಲಿತುಬಿಟ್ಟಿತ್ತು. ಪ್ರೇಮ್‌ಕುಮಾರ್ ನಕ್ಕ, ಮಹದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪುಟ್ಟಸ್ವಾಮಿಯ ಬಾಯಿಂದಲೂ ನಗು ಹೊರಟುಹೋಯಿತು, ತೇಗು ಹೊರಡುವ ಹಾಗೆ, ಅವನನ್ನು ಕೇಳದೆ. ಆ ನಗುವಿನಲ್ಲಿ ಇಲಿಯ ವಾಸನೆ ಅವನ ಮೂಗಿಗೆ ಬಡಿಯಿತು. ಅವನು ತಂಗಿಯ ಕಡೆ ನೋಡಿದ. ಅವಳು ನಗುತ್ತಿದ್ದಳು. ಮಗುವನ್ನು ಎತ್ತಿ ಅದರ ಕಿವಿಯನ್ನು ಮುಟ್ಟಿ ನೋಡುತ್ತ ಎಲ್ಲರಿಗಿಂತ ಜೋರಾಗಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು, ಕಣ್ಣು ಮಾತ್ರ ಹೊಳೆಯ ಆಚೆ ದಡವನ್ನು ನೋಡುತ್ತಿತ್ತು. ಸಾರಿನ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಾಗ ಇದ್ದದ್ದು ಇದೇ ನಗು. ಇದೇ, ಅಳತೆ ತಪ್ಪದೆ ಇದೇ. ಅವನು ಊರಿನವರ ಮುಖವನ್ನೆಲ್ಲ ನಕಲು ಮಾಡಲು ನೋಡಿಟ್ಟುಕೊಂಡವನು, ಮುಖದ ವಿಷಯದಲ್ಲಿ ಅವನ ಕಣ್ಣು ಮೋಸಹೋಗುವುದಿಲ್ಲ. ಇವತ್ತು ಸಂಜೆ ಹೆಮ್ಮರಗಾಲ ತಲುಪುತ್ತಾಳೆ, ಅದೇ ಹಿತ್ತಿಲು, ಅದೇ ವಿಷದ ಡಬ್ಬಿ.

"ಒರಡ್ಮ ಬಾವ, ಬಸ್ ಬತ್ತದೆ," ಎಂದ ಪ್ರೇಮ್‌ಕುಮಾರ್.

"ಇರ್ಲಾ. ಡಾಕ್ಟ್ರು ಬರಾಕೇಳವರೆ."

"ಯಾಕೆ, ವಾಸಿಯಾಯ್ತಲ್ಲ," ಎಂದಳು ಮಹದೇವಮ್ಮ.

"ಸ್ಕ್ಯಾನಿಂಗ್ ಅವ್ವ. ಬೆಂಗ್ಳೂರಿಂದ ಮಿಷಿನ್ ಬಂದದೆ. ಒಟ್ಟೆ ಒಳ್ಗಡೆದೆಲ್ಲ ಟೀವೀಲಿ ಕಾಣ್ತದೆ. ಇವತ್ತೊಂದಿನ ಮಾತ್ರ, ನಾಳೆ ಮಿಷಿನ್ ವಾಪಸ್ ಓಯ್ತದೆ." ಯಾವ ಮಿಷಿನ್ನೂ ಇರಲಿಲ್ಲ. ಅವರು ನಂಬಿದರು. ಮಿಷಿನ್ ಎಂದರೆ ಎಷ್ಟು ಬೇಗ ನಂಬುತ್ತಾರೆ ಎಂದು ಅವನಿಗೆ ಹೇಸಿಗೆಯಾಯಿತು. ಈ ಸುಳ್ಳನ್ನಾದರೂ ಹೇಳಲು ಬಂತಲ್ಲ ಎಂದು ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ಇನ್ನಷ್ಟು ಹೇಸಿಗೆಯಾಯಿತು.

ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರಮ್ಮ ಉಳಿದವರನ್ನು ಹೊರಗೆ ಕಳಿಸಿ, "ನಿಮ್ಮಣ್ಣ ಇರಬಹುದಾ?" ಎಂದು ರೋಜಾಳನ್ನು ಕೇಳಿದಳು. ರೋಜಾ ಇರಲಿ ಎಂಬಂತೆ ತಲೆಯಾಡಿಸಿದಳು. "ಇರಿ. ಆದರೆ ಬಾಯಿ ಬಿಡಬಾರದು. ಅವರು ಎಷ್ಟು ಹೊತ್ತು ತಗೊಂಡರೂ." ಪುಟ್ಟಸ್ವಾಮಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡ, ನಾಲಿಗೆಯಿರುವುದು ಕೈಯಲ್ಲಿ ಎಂಬ ಹಾಗೆ. "ಕುಡಿದ ದಿನ ಏನಾಯಿತು ಅಂತ ಹೇಳ್ತೀರಾ?" ರೋಜಾ ಶುರು ಮಾಡಿದಳು. ಕತ್ತಿನ ನರ ಉಬ್ಬಿತು. ಫ್ಯಾನು ತಿರುಗುತ್ತಿತ್ತು. ಒಂದು ಅಕ್ಷರ ಬರುವಷ್ಟರಲ್ಲಿ ಮೂರು ಬಸ್ಸು ತುಂಬಿಸಿ ಕಳಿಸಬಹುದಿತ್ತು. ಅವಳ ಪ್ರತಿಯೊಂದು ತೊಡಕಿಗೂ ಅವನ ಬಾಯೊಳಗೆ ಮಾತು ಹುಳುವಿನಂತೆ ಹೊರಳಿತು. ಕೆನ್ನೆಯ ಒಳಗಡೆಯನ್ನು ಕಚ್ಚಿ ಹಿಡಿದ. ಅವನಿಗೆ ಗೊತ್ತಿತ್ತು, ಅವಳು ತನ್ನ ಹೆಸರು ಹೇಳುತ್ತಾಳೆ. ಅಣ್ಣನೇ ಕಾರಣ, ಅಣ್ಣನ ನಕಲೇ ಕಾರಣ ಎನ್ನುತ್ತಾಳೆ. ಹೇಳಿದ ಕೂಡಲೇ ಅವಳ ಕಾಲಿಗೆ ಬೀಳಬೇಕು, ಹಣೆ ಚಚ್ಚಿಕೊಳ್ಳಬೇಕು, ಆಸ್ಪತ್ರೆಯೇ ಓಡಿಬರುವಂತೆ ಅಳಬೇಕು ಎಂದು ಅವನು ಒಳಗೊಳಗೇ ಸಿದ್ಧವಾಗುತ್ತಿದ್ದ. ಅಳುವಿನ ಮೊದಲ ಸಾಲು ಕೂಡ ಹೊಳೆದಿತ್ತು.

ಅವಳು ಹೇಳಿದ್ದು ಬೇರೆ. ನಂಜನಗೂಡಿನ ಹತ್ತಿರದ ತಾಂಡ್ಯದ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ಅವಳಿಗೆ ಕೆಲಸ. ಗೇಟಿನಲ್ಲಿ ಹೊಸ ಸೂಪರ್‌ವೈಸರ್ ಬಂದ. ಒಳಗೆ ಹೋಗುವಾಗ ಪ್ರತಿಯೊಬ್ಬರೂ ತಂತಮ್ಮ ಹೆಸರನ್ನೂ ಗಂಡನ ಹೆಸರನ್ನೂ ಗಟ್ಟಿಯಾಗಿ ಕೂಗಬೇಕು ಎಂದ. ಅವಳ ಸರದಿ ಬಂದಾಗ ಗೇಟಿನ ಹತ್ತಿರದವರೆಲ್ಲ ಕೆಲಸ ಬಿಟ್ಟು ನೋಡುತ್ತಾರೆ. ಹಿಂದಿನ ಹೆಂಗಸರು ತಡವಾಯಿತೆಂದು ಬೆನ್ನಿಗೆ ತಿವಿಯುತ್ತಾರೆ. ಅವನು "ಇನ್ನೊಂದ್ಸಲ, ಕೇಳ್ನಿಲ್ಲ" ಎನ್ನುತ್ತಾನೆ. ದಿನಾ. ಸೈರನ್ ಕೇಳಿದರೆ ಉಚ್ಚೆ ಬಂದಂತಾಗುತ್ತದೆ. ಇದನ್ನು ಗಂಡನಿಗೆ ಹೇಳಬೇಕು ಎಂದು ಅವಳು ಎಷ್ಟೋ ದಿನದಿಂದ ಪಾತ್ರೆ ತೊಳೆಯುತ್ತ ಒಂದೇ ಒಂದು ವಾಕ್ಯವನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದಳು. ತಿದ್ದಿಟ್ಟುಕೊಂಡದ್ದಾದರೆ ಒಮ್ಮೊಮ್ಮೆ ಬಂದುಬಿಡುತ್ತದೆ. ಆ ದಿನ ಬೆಳಿಗ್ಗೆಯಿಂದ ಅದು ನಾಲಿಗೆಯ ಮೇಲೆ ನೆಟ್ಟಗೆ ಕೂತಿತ್ತು. ಅದಕ್ಕೇ ಬಕೆಟ್ಟು ಕೆಳಗಿಟ್ಟದ್ದು.

"ಎಲ್ರೂ ನ... ನಕ್ಕುದ್ರು. ನಾನೂ ನಕ್ಕೆ. ಏನ್ ಯೋ... ಯೋಳಾಕ್ ಬಂದೆ ಅಂತ ಯಾ... ಯಾರೂ ಕೇಳ್ನಿಲ್ಲ."

"ಆ ವಾಕ್ಯ ಏನು?"

ಅವಳು ತುಂಬ ಹೊತ್ತು ತೆಗೆದುಕೊಂಡಳು. "ನಾ... ನಾ... ನಾಳಿಂದ ಪ್ಯಾಕ್ಟ್ರಿಗೆ ಓಗಲ್ಲ."

ಅಷ್ಟೇ. ಪುಟ್ಟಸ್ವಾಮಿಗೆ ಮೊದಲು ಬಂದದ್ದು ಕೋಪ. ಇಷ್ಟಕ್ಕೆ? ಬೇಡ ಎಂದಿದ್ದರೆ ಬಿಡಿಸುತ್ತಿದ್ದೆವಲ್ಲ. ಅನ್ನಬೇಕಾಗಿತ್ತು, ಅಷ್ಟೇ ತಾನೇ, ಒಂದು ಮಾತು. ಒಂದು ಮಾತು ಎಂದು ತಾನೇ ಅಂದುಕೊಂಡದ್ದು ಅವನಿಗೇ ಕೇಳಿಸಿತು. "ಅಣ್ಣನೂ ನಿಮ್ಮ ಹಾಗೆ ಮಾತಾಡಿ ತೋರಿಸ್ತಾರೆ ಅಂತ ನಿಮ್ಮಮ್ಮ ಹೇಳಿದರು," ಎಂದಳು ಡಾಕ್ಟರಮ್ಮ. ಅವನ ಅಳು ಸಿದ್ಧವಾಗಿ ಕಾದಿತ್ತು. ರೋಜಾ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. "ಅಣ್ಣ ಬು... ಬುಡಿ ಮೇಡಂ. ಅವ್ನು ಯಾವಾಗ್ಲೂ ಅಂಗೇಯ," ಎಂದಳು, ಕೆಟ್ಟ ರಸ್ತೆಯ ಬಗ್ಗೆ, ನೊಣದ ಬಗ್ಗೆ ಹೇಳುವ ಹಾಗೆ. ಕಾಲಿಗೆ ಬೀಳಲು ಸಿದ್ಧನಾಗಿದ್ದವನಿಗೆ ಬೀಳಲು ಕಾಲೇ ಸಿಗಲಿಲ್ಲ. ತಪ್ಪಿನಲ್ಲೂ ತಾನೇ ಮೇಳದ ಮುಂದೆ ಇರಬೇಕೆಂದು ಹೊರಟಿದ್ದ ತನ್ನ ಬಾಯಿ, ಸಿದ್ಧವಾಗಿದ್ದ ಆ ಅಳು, ಎಲ್ಲವೂ ಅವನಿಗೆ ಬಸ್‌ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಯಷ್ಟು ಅಸಹ್ಯವಾಗಿ ಕಂಡಿತು.

"ಈಗಲೂ ಸಾಯಬೇಕು ಅನ್ನಿಸುತ್ತಾ?" ಡಾಕ್ಟರಮ್ಮ ನೀರು ಬೇಕಾ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು. ಇಂಥ ಮಾತನ್ನು ಬಾಯಿಬಿಟ್ಟು ಕೇಳಬಹುದು ಎಂಬುದೇ ಪುಟ್ಟಸ್ವಾಮಿಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಮೊದಲ ಸಲ ರೋಜಾ ತೊಡರಲಿಲ್ಲ. "ಊಂ," ಎಂದಳು. "ಇವತ್ತು. ಒ... ಒಳೆ ತಾವ." ಆಮೇಲೆ ಅತ್ತಳು. ಅವಳು ಅತ್ತದ್ದನ್ನು ಅವನು ಕಂಡೇ ಎಷ್ಟೋ ವರ್ಷವಾಗಿತ್ತು. ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಕೂತಳು, ಅವಸರ ಮಾಡಲಿಲ್ಲ. ಬಳಿಕ ಅವನ ಕಡೆ ತಿರುಗಿ, ಇವತ್ತು ಮನೆಗೆ ಕಳಿಸುವುದಿಲ್ಲ, ಇಲ್ಲೇ ಇರಲಿ, ಮಾತ್ರೆ ಕೊಡುತ್ತೇನೆ, ದಿನಾ ಇಲ್ಲಿನವರು ಮಾತಾಡಿಸುತ್ತಾರೆ, ಒಬ್ಬಳನ್ನೇ ಬಿಡಬೇಡಿ, ಮನೆಯ ಹಿತ್ತಿಲಲ್ಲಿರುವ, ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳನ್ನೆಲ್ಲ ಊರಾಚೆ ಸಾಗಿಸಿ, ಉಗ್ಗಿಗೆ ಮೈಸೂರಿನಲ್ಲಿ ತರಬೇತಿಯಿದೆ ಎಂದಳು. "ಹೊರಗೆ ಇರೋರಿಗೆ ನೀವೇ ಹೇಳಬೇಕು. ನಿಜ ಹೇಳಿ."

ಹೊರಗೆ ಮರದ ಕೆಳಗಿನ ಕಟ್ಟೆಯ ಮೇಲೆ ಮಹದೇವಮ್ಮ ಪ್ರಸಾದ ತಿನ್ನುತ್ತಿದ್ದಳು. ಪ್ರೇಮ್‌ಕುಮಾರ್ ಎದ್ದು ಬಂದ. "ಏನಂದ್ರು ಬಾವ? ಟೀವೀಲಿ ಏನ್ ಕಾಣ್ತು?"

"ಒಟ್ಟೆನೋವಲ್ಲ ಕಣ್ಲಾ."

"ಮತ್ತೆ? ಅಪೆಂಡಿಕ್ಸಾ?"

"ಒಟ್ಟೇಲಿ ಏನೂ ಇಲ್ಲ. ಯಾವತ್ತೂ ಇರ್ನಿಲ್ಲ. ಸಾಯಾಕೇಂತ ಕುಡದ್ಲು."

ಪ್ರೇಮ್‌ಕುಮಾರನ ಮುಖದಲ್ಲಿ ನಗು ನಿಧಾನವಾಗಿ ಹರಡಿತು. "ಬುಡು ಬಾವ. ಆಸ್ಪತ್ರೇಲೂ ನಿಂದು ತಮಾಸೇನಾ."

"ಒಟ್ಟೆನೋವು ಅಂತ ಪೋಲೀಸ್ನೋರ್ಗೆ ಯೋಳ್ದೋನೆ ನೀನು," ಎಂದಳು ಮಹದೇವಮ್ಮ, ಬೆರಳು ನೆಕ್ಕುತ್ತ. "ಮದ್ವೆ ದಿನ ಉಳ್ಳಾಡುದ್ಲು ಅಂದೋನು ನೀನು."

"ಸುಳ್ಳೇಳ್ದೆ."

"ಈಗ್ ಯೋಳ್ತಿರೋದು?"

ಬಸ್ಸಿಗೆ ಜನ ಹತ್ತಿಸಿದ ಬಾಯಿ, ನಂಜನಗೂಡನ್ನು ಮೂರು ಸಲ ಕೂಗಿ ಜನರ ದಾರಿ ತಪ್ಪಿಸಿದ ಬಾಯಿ, ಈಗ ಒಂದು ಮಾತನ್ನು ಇಬ್ಬರಿಗೆ ನಂಬಿಸಲಾರದೆ ಹೋಯಿತು. ಅವನ ಗಂಭೀರವಾದ ಮುಖವೇ ಅವರಿಗೆ ಹಾಸ್ಯವಾಗಿ ಕಂಡಿತು. ಯಾರ ನಕಲು ಎಂದು ಪತ್ತೆಹಚ್ಚುವವರಂತೆ ನೋಡಿದರು. ದೊಡ್ಡವರು ನಗುವುದನ್ನು ಕಂಡು ಮಗುವೂ ನಕ್ಕಿತು. ಪುಟ್ಟಸ್ವಾಮಿಗೆ ಇನ್ನೂ ಜೋರಾಗಿ ಹೇಳಬೇಕೆನ್ನಿಸಿತು, ಬಣ್ಣ ಹಚ್ಚಬೇಕೆನ್ನಿಸಿತು, ಡಾಕ್ಟರಮ್ಮ ಎದೆ ಬಡಿದುಕೊಂಡು ಅತ್ತಳು ಎನ್ನಬೇಕೆನ್ನಿಸಿತು. ಅದನ್ನು ನುಂಗಿದ. ಅವರು ನಕ್ಕು ಮುಗಿಸುವವರೆಗೆ ಸುಮ್ಮನೆ ನಿಂತ. ನಗು ತಾನಾಗಿಯೇ ಕಡಿಮೆಯಾಗಿ, ಒಣಗಿ, ನಿಂತಿತು. ಅವನು ಇನ್ನೂ ಸುಮ್ಮನಿದ್ದ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಹೆತ್ತವಳೂ ಕಂಡಿರಲಿಲ್ಲ. ಮಹದೇವಮ್ಮನ ಕೈ ಬಾಯಿಯ ಹತ್ತಿರ ಹಾಗೇ ನಿಂತಿತು.

"ಬಾವ," ಎಂದ ಪ್ರೇಮ್‌ಕುಮಾರ್. ಅವನ ದನಿ ಸಣ್ಣದಾಗಿತ್ತು. "ಯಾಕಂತೆ? ಯಾಕ್ ಕುಡದ್ಲಂತೆ?"

ಉತ್ತರ ಪುಟ್ಟಸ್ವಾಮಿಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಗೇಟು, ಸೂಪರ್‌ವೈಸರು, ಸಾರಿನ ಬಕೆಟ್ಟು, ಎಲ್ಲ ಸಾಲಾಗಿ. ಅವನು ಮಗುವನ್ನು ಪ್ರೇಮ್‌ಕುಮಾರನ ಕಂಕುಳಿನಿಂದ ತೆಗೆದುಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದ.

"ಒಳಿಕ್ ಓಗಿ ಕೂತ್ಕ," ಎಂದ. "ಅವಳೇ ಯೋಳ್ತಾಳೆ. ಬಾಳ ಒತ್ತಾಯ್ತದೆ, ಎದ್ ಬರ್ಬ್ಯಾಡ."